ಆದಿ ಕ್ರೈಸ್ತಸಭೆಯ ನಿತ್ಯಾರಾಧನೆಯೂ ಅದರ ಪರಿಚಾರಕರೂ



ಈ ಹೊತ್ತು ನಾನು ಮಾತನಾಡಬೇಕೆಂದಿರುವ ವಿಷಯವು ದೂರದೇಶದ್ದು. ಬಹು ಹಿಂದಿನ ಕಾಲದ್ದು. ಕ್ರೈಸ್ತಧರ್ಮವು ಹುಟ್ಟಿದ ಮೊದಲ ನಾಲ್ಕು ಶತಮಾನಗಳಲ್ಲಿ ದಿನದಿನದ ಆರಾಧನೆಯನ್ನು ಯಾರು ಯಾರು, ಯಾವ ಯಾವ ಕೆಲಸವನ್ನು ಹಂಚಿಕೊಂಡು ನಡೆಸುತ್ತಿದ್ದರು ಎಂಬುದೇ ಆ ವಿಷಯ. ಆದರೆ ಅಲ್ಲಿಗೆ ಹೋಗುವ ದಾರಿಯನ್ನು ನಾನು ನಮ್ಮ ಆನೆಗೊಂದಿಯಿಂದ ಹಿಡಿಯುತ್ತೇನೆ. ಕಾಣದ ಊರನ್ನು ತಿಳಿಯಬೇಕಾದರೆ ಕಂಡ ಊರಿನಿಂದ ಹೊರಡುವುದು ಒಳ್ಳೆಯದಷ್ಟೆ.

ಆನೆಗೊಂದಿಯು ಗಂಗಾವತಿಯ ಸೀಮೆಯಲ್ಲಿ ತುಂಗಭದ್ರೆಯ ಉತ್ತರದ ದಡದ ಮೇಲಿರುವ ಊರು. ಊರೊಳಗೆ ರಂಗನಾಥನ ಗುಡಿ. ಹೊಳೆಯ ನಡುಗಡ್ಡೆಯಲ್ಲಿ ಒಂಬತ್ತು ಮಂದಿ ಮಾಧ್ವಯತಿಗಳ ಬೃಂದಾವನಗಳು. ಆಚೆಯ ದಡದಲ್ಲಿ ಹಾಳು ಹಂಪೆ. ಹೊಳೆಯನ್ನು ದಾಟಿದವನು ಮೊದಲು ವಿಠ್ಠಲನ ಗುಡಿಗೆ ಹೋಗುತ್ತಾನೆ. ಕಲ್ಲಿನ ರಥವನ್ನೂ ದನಿಗೊಡುವ ಕಂಬಗಳನ್ನೂ ನೋಡಿ ಬೆರಗಾಗುತ್ತಾನೆ. ಒಳಕ್ಕೆ ಹೋದರೆ ಗರ್ಭಗುಡಿಯಲ್ಲಿ ದೇವರಿಲ್ಲ, ದೀಪವಿಲ್ಲ. ಹೊಳೆಯ ಮೇಲ್ದಿಕ್ಕಿಗೆ ನಡೆದು ವಿರೂಪಾಕ್ಷನ ಗುಡಿಯನ್ನು ಸೇರಿದರೆ ಅಲ್ಲಿ ಗಂಟೆ ಮೊಳಗುತ್ತದೆ, ಮಂಗಳಾರತಿ ನಡೆಯುತ್ತದೆ, ಹೂವು ಹಣ್ಣು ಹಿಡಿದ ಜನ ಸಾಲಾಗಿ ನಿಂತಿರುತ್ತಾರೆ. ಎರಡು ಗುಡಿಗಳೂ ಒಂದೇ ಹೊಳೆಯ ದಡದವು; ಎರಡಕ್ಕೂ ಅದೇ ಅರಸರು ದತ್ತಿ ಬಿಟ್ಟಿದ್ದರು; ೧೫೬೫ರ ಯುದ್ಧದ ತರುವಾಯ ಪಟ್ಟಣಕ್ಕೆ ಬಂದ ಕೇಡು ಎರಡಕ್ಕೂ ಒಂದೇ. ಆದರೂ ಒಂದರಲ್ಲಿ ಪೂಜೆ ನಿಂತಿತು, ಇನ್ನೊಂದರಲ್ಲಿ ಉಳಿಯಿತು.

ಇದಕ್ಕೆ ಕಾರಣಗಳು ಹಲವಿರಬಹುದು. ಅವುಗಳನ್ನೆಲ್ಲ ತೂಗಿ ನೋಡುವುದು ಇಂದಿನ ಕೆಲಸವಲ್ಲ. ಒಂದು ಮಾತು ಮಾತ್ರ ನಿಶ್ಚಯ: ದೀಪ ಉಳಿದ ಕಡೆ ಅದನ್ನು ಹಚ್ಚುವ ಕೈಯೊಂದು ಉಳಿದಿತ್ತು. ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ದೇವರಿಗೆ ಭೂಮಿ ಬಿಟ್ಟೆವೆಂದು ಹೇಳಿ ಸುಮ್ಮನಾಗುವ ಶಾಸನಗಳು ಕಡಿಮೆ. ನಂದಾದೀಪಕ್ಕೆ ಇಷ್ಟು, ಅಮೃತಪಡಿಗೆ ಇಷ್ಟು, ಅಂಗರಂಗಭೋಗಕ್ಕೆ ಇಷ್ಟು, ಹೂವು ಕಟ್ಟುವವರಿಗೆ, ವಾದ್ಯ ನುಡಿಸುವವರಿಗೆ, ಅಡಿಗೆಯವರಿಗೆ ಇಷ್ಟಿಷ್ಟು ಎಂದು ಅವು ಹಂಚಿಕೊಡುತ್ತವೆ. ಕಟ್ಟಡವನ್ನು ಅರಸನು ಕಟ್ಟಿಸಬಲ್ಲನು; ನಾಳೆ ಬೆಳಗ್ಗೆ ಅದರ ಬಾಗಿಲನ್ನು ತೆರೆಯುವುದಕ್ಕೆ ಬೇರೆ ಜನ ಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಈಗ ಜೆರೂಸಲೇಮಿಗೆ ಹೋಗೋಣ.

ಯೆಹೂದ್ಯರಿಗೆ ಜೆರೂಸಲೇಮಿನಲ್ಲಿ ಒಂದೇ ಒಂದು ದೇವಾಲಯವಿತ್ತು. ಅಲ್ಲಿ ಪ್ರತಿದಿನವೂ ಬೆಳಗ್ಗೆ ಒಂದು, ಸಾಯಂಕಾಲ ಒಂದು ಬಲಿ ನಡೆಯುತ್ತಿತ್ತು. ಯಾಜಕರು ಇಪ್ಪತ್ತನಾಲ್ಕು ತಂಡಗಳಾಗಿ ಸರದಿಯ ಮೇಲೆ ಬಂದು ಸೇವೆ ಸಲ್ಲಿಸುತ್ತಿದ್ದರು. ಧೂಪ ಹಾಕುವುದು ಯಾರ ಪಾಲಿಗೆ ಬರುತ್ತದೆಂಬುದನ್ನು ಚೀಟು ಹಾಕಿ ಗೊತ್ತುಮಾಡುತ್ತಿದ್ದರು. ಯಾಜಕತ್ವವು ವಂಶದಿಂದ ಬರತಕ್ಕದ್ದು. ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರೇ ಆದುದರಿಂದ ಅವರೂ ಆ ದೇವಾಲಯಕ್ಕೆ ಹೋಗುತ್ತಿದ್ದರು. ಪೇತ್ರನೂ ಯೋಹಾನನೂ ಹಗಲಿನ ಒಂಬತ್ತನೆಯ ಗಂಟೆಯ, ಎಂದರೆ ನಮ್ಮ ಮಧ್ಯಾಹ್ನ ಮೂರು ಗಂಟೆಯ, ಪ್ರಾರ್ಥನೆಗೆ ಅಲ್ಲಿಗೆ ಹೋದರೆಂದು ಅಪೊಸ್ತಲರ ಚರಿತ್ರೆಯು ಹೇಳುತ್ತದೆ.

ಕ್ರಿಸ್ತಶಕ ೭೦ರಲ್ಲಿ ರೋಮಿನ ದಂಡು ಆ ದೇವಾಲಯವನ್ನು ಸುಟ್ಟುಹಾಕಿತು. ನಿತ್ಯಬಲಿ ನಿಂತುಹೋಯಿತು. ಅಂದಿಗೆ ಕ್ರೈಸ್ತರು ಬೇರೆ ಬೇರೆ ಪಟ್ಟಣಗಳಲ್ಲಿ ಚದರಿಹೋಗಿದ್ದರು. ಅವರಿಗೆ ಗುಡಿಯಿರಲಿಲ್ಲ, ಬಲಿಪೀಠವಿರಲಿಲ್ಲ, ವಂಶದಿಂದ ಬಂದ ಯಾಜಕರಿರಲಿಲ್ಲ. ರಾಜ್ಯದ ಬೆಂಬಲವಂತೂ ಇರಲೇ ಇಲ್ಲ. ಅವರು ಕೂಡುತ್ತಿದ್ದುದು ಮನೆಗಳಲ್ಲಿ. ಪೂಜೆಯು ಉಳಿಯುವುದಕ್ಕೆ ಬೇಕೆಂದು ನಾವು ಎಣಿಸುವ ಸಾಮಗ್ರಿಗಳಲ್ಲಿ ಯಾವುದೂ ಅವರ ಬಳಿ ಇರಲಿಲ್ಲವೆಂದೇ ಹೇಳಬೇಕು. ಇದ್ದುದು ಒಂದೇ: ಕೆಲಸವನ್ನು ಹಂಚಿಕೊಳ್ಳುವ ಏರ್ಪಾಡು.

ಆ ಏರ್ಪಾಡು ಹುಟ್ಟಿದುದು ಪೂಜೆಯ ಪ್ರಶ್ನೆಯಿಂದಲ್ಲ, ಊಟದ ಪ್ರಶ್ನೆಯಿಂದ. ಜೆರೂಸಲೇಮಿನ ಸಭೆಯಲ್ಲಿ ವಿಧವೆಯರಿಗೆ ದಿನವೂ ಅನ್ನವನ್ನು ಹಂಚುತ್ತಿದ್ದರು. ಗ್ರೀಕ್ ಮಾತನಾಡುವ ವಿಧವೆಯರಿಗೆ ಪಂಕ್ತಿಭೇದವಾಗುತ್ತಿದೆಯೆಂದು ಗೊಣಗಾಟ ಎದ್ದಿತು. ಆಗ ಅಪೊಸ್ತಲರು ಸಭೆಯನ್ನು ಕೂಡಿಸಿ, ಏಳು ಮಂದಿಯನ್ನು ಆರಿಸಿರೆಂದು ಹೇಳಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಆ ಕೆಲಸವನ್ನು ಒಪ್ಪಿಸಿದರು. ಸಭೆಯ ಮುಂದಿನ ಸಂಪ್ರದಾಯವು ಈ ಏಳು ಮಂದಿಯನ್ನೇ ‘ಡಿಯಾಕೊನೊಸ್’ ಎಂಬ ವರ್ಗಕ್ಕೆ ಮೂಲಪುರುಷರೆಂದು ಎಣಿಸಿತು. ಆ ಗ್ರೀಕ್ ಶಬ್ದಕ್ಕೆ ಸೇವಕ, ಊಟಕ್ಕೆ ಬಡಿಸುವವನು ಎಂದು ಅರ್ಥ. ನಾವು ಇವರನ್ನು ಪರಿಚಾರಕರೆಂದು ಕರೆಯೋಣ. ಬಡಿಸುವ ಕೈಯೇ ಮುಂದೆ ಆರಾಧನೆಯಲ್ಲಿಯೂ ಕೈಗೂಡಿತೆಂಬುದನ್ನು ಗಮನಿಸಬೇಕು.

ಉಳಿದ ಎರಡು ಹೆಸರುಗಳೂ ಇಷ್ಟೇ ಸರಳವಾದುವು. ‘ಎಪಿಸ್ಕೊಪೊಸ್’ ಎಂದರೆ ಮೇಲ್ವಿಚಾರಕ. ಬಿಷಪ್ ಎಂಬ ಮಾತು ಅದರಿಂದ ಬಂದುದು. ನಮ್ಮ ಕನ್ನಡದ ಕ್ರೈಸ್ತರು ಸಭಾಧ್ಯಕ್ಷನೆನ್ನುತ್ತಾರೆ. ‘ಪ್ರೆಸ್ಬಿಟೆರೊಸ್’ ಎಂದರೆ ಹಿರಿಯ. ಅಧ್ಯಕ್ಷ, ಹಿರಿಯ, ಪರಿಚಾರಕ. ಇವು ಊರಿನ ಪಂಚಾಯಿತಿಗೂ ಒಪ್ಪುವ ಹೆಸರುಗಳು. ಎರಡನೆಯ ಶತಮಾನದ ಮೊದಲ ಭಾಗದಲ್ಲಿಯೇ ಅಂತಿಯೋಕ್ಯದ ಇಗ್ನಾಷಿಯಸನ ಪತ್ರಗಳಲ್ಲಿ ಈ ಮೂರು ವರ್ಗಗಳೂ ಒಂದರ ಕೆಳಗೊಂದಾಗಿ ಸ್ಪಷ್ಟವಾಗಿ ಕಾಣುತ್ತವೆ.

ಇನ್ನು ದಿನದ ಪ್ರಾರ್ಥನೆಯ ಮಾತು. ‘ಡಿಡಖೆ’ ಎಂಬ ಒಂದು ಸಣ್ಣ ಪುಸ್ತಕವಿದೆ; ಬೋಧೆಯೆಂದು ಅದರ ಅರ್ಥ. ಬಹುಕಾಲ ಕಾಣೆಯಾಗಿದ್ದ ಇದರ ಪ್ರತಿಯೊಂದು ೧೮೭೩ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ದೊರೆತು, ೧೮೮೩ರಲ್ಲಿ ಅಚ್ಚಾಯಿತು. ಮೊದಲ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ಈ ಪುಸ್ತಕದಲ್ಲಿ, ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂಬ ವಿಧಿಯಿದೆ. ಅದನ್ನು ಹೇಳುವುದಕ್ಕೆ ಪುರೋಹಿತನು ಬೇಕಿಲ್ಲ, ಮನೆಯವನೇ ಹೇಳಬೇಕು. ಸುಮಾರು ೨೦೦ರಲ್ಲಿ ಆಫ್ರಿಕದ ಕಾರ್ಥೇಜಿನಲ್ಲಿದ್ದ ತೆರ್ತುಲಿಯನನು, ಬೆಳಗು ಬೈಗುಗಳ ಪ್ರಾರ್ಥನೆಯು ಕಡ್ಡಾಯವೆಂದೂ, ಹಗಲಿನ ಮೂರನೆಯ, ಆರನೆಯ, ಒಂಬತ್ತನೆಯ ಗಂಟೆಗಳಲ್ಲಿಯೂ ದೇವರನ್ನು ನೆನೆಯುವುದು ಒಳ್ಳೆಯದೆಂದೂ ಬರೆಯುತ್ತಾನೆ. ನಮ್ಮಲ್ಲಿಯ ತ್ರಿಕಾಲಸಂಧ್ಯೆಯನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವಾಗಿ ತೋರದು.

ಆ ಕಾಲದ ಆರಾಧನೆಯನ್ನು ಹೊರಗಿನವನೊಬ್ಬನ ಕಣ್ಣಿನಿಂದಲೂ ನೋಡಬಹುದು. ಸುಮಾರು ೧೧೨ರಲ್ಲಿ ಪ್ಲಿನಿಯೆಂಬ ರೋಮಿನ ಅಧಿಕಾರಿಯು ಕಪ್ಪುಸಮುದ್ರದ ತೀರದ ಬಿಥೂನಿಯ ಪ್ರಾಂತ್ಯವನ್ನು ಆಳುತ್ತಿದ್ದನು. ಕ್ರೈಸ್ತರನ್ನು ವಿಚಾರಣೆಮಾಡಿ ಚಕ್ರವರ್ತಿ ಟ್ರಾಜನನಿಗೆ ಅವನು ಬರೆದ ವರದಿಯು ಉಳಿದುಬಂದಿದೆ. ಇವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಕೂಡಿ ಕ್ರಿಸ್ತನನ್ನು ದೇವರೆಂದು ಸರದಿಯಲ್ಲಿ ಹಾಡುತ್ತಾರೆಂದು ಅವನು ತಿಳಿಸುತ್ತಾನೆ. ನಿಜವೇನೆಂದು ತಿಳಿಯಲು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಒಳಪಡಿಸಿದೆನೆಂದೂ, ಅವರನ್ನು ಆ ಜನರು ಪರಿಚಾರಿಕೆಯರೆಂದು ಕರೆಯುತ್ತಾರೆಂದೂ ಸೇರಿಸುತ್ತಾನೆ. ರಾಜ್ಯದ ಲೆಕ್ಕದಲ್ಲಿ ಅವರು ಕೊಂಡು ಮಾರುವ ಒಡವೆಗಳು. ಸಭೆಯ ಲೆಕ್ಕದಲ್ಲಿ ಅಧಿಕಾರವುಳ್ಳ ಸೇವಕಿಯರು. ಅವರ ಹೆಸರನ್ನು ಪ್ಲಿನಿಯು ಬರೆಯಲಿಲ್ಲ. ಅದಕ್ಕೂ ಮುಂಚೆ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯನ್ನು ಹೆಸರು ಹಿಡಿದು ಹೊಗಳಿದ್ದಾನೆ.

ಸುಮಾರು ೧೫೦ರ ಬಳಿಕ ರೋಮಿನಲ್ಲಿ ಬರೆದ ಜಸ್ಟಿನನು ಭಾನುವಾರದ ಕೂಟವನ್ನು ವಿವರಿಸುತ್ತಾನೆ. ಒಬ್ಬನು ಗ್ರಂಥವನ್ನು ಓದುತ್ತಾನೆ. ಓದು ಮುಗಿದ ಮೇಲೆ ಅಧ್ಯಕ್ಷನು ಉಪದೇಶ ಮಾಡುತ್ತಾನೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅಧ್ಯಕ್ಷನು ಸ್ತೋತ್ರಮಾಡಿ ಅರ್ಪಿಸಿದಾಗ ಜನರೆಲ್ಲ ‘ಆಮೆನ್’ ಎನ್ನುತ್ತಾರೆ. ಪರಿಚಾರಕರು ಅದನ್ನು ಹಂಚುತ್ತಾರೆ. ಇಲ್ಲಿಗೇ ಮುಗಿಯಲಿಲ್ಲ. ಬರಲಾರದೆ ಮನೆಯಲ್ಲಿ ಉಳಿದವರಿಗೂ ಪರಿಚಾರಕರು ಆ ಪಾಲನ್ನು ಒಯ್ದು ಕೊಡುತ್ತಾರೆ. ಗುಡಿಯಿಲ್ಲದ ಕಾಲದಲ್ಲಿ ಪರಿಚಾರಕನ ಕಾಲ್ನಡಿಗೆಯೇ ಗುಡಿಯ ಪ್ರಾಕಾರವಾಗಿತ್ತು.

ಕಾಲ ಕಳೆದಂತೆ ಕೆಲಸಗಳು ಹೆಚ್ಚಿದುವು, ಕೈಗಳೂ ಹೆಚ್ಚಿದುವು. ೨೫೧ರಲ್ಲಿ ರೋಮಿನ ಬಿಷಪನಾಗಿದ್ದ ಕೊರ್ನೇಲಿಯನು ಅಂತಿಯೋಕ್ಯಕ್ಕೆ ಬರೆದ ಪತ್ರವೊಂದರಲ್ಲಿ ತನ್ನ ಸಭೆಯ ಲೆಕ್ಕವನ್ನು ಕೊಟ್ಟಿದ್ದಾನೆ. ಹಿರಿಯರು ೪೬ ಮಂದಿ, ಪರಿಚಾರಕರು ೭, ಉಪಪರಿಚಾರಕರು ೭, ಅವರ ಕೈಕೆಳಗಿನ ಅನುಚರರು ೪೨, ಭೂತೋಚ್ಚಾಟಕರು, ವಾಚಕರು, ದ್ವಾರಪಾಲಕರು ಕೂಡಿ ೫೨, ಇವರಲ್ಲದೆ ವಿಧವೆಯರೂ ದಿಕ್ಕಿಲ್ಲದವರೂ ೧೫೦೦ಕ್ಕೂ ಹೆಚ್ಚು. ಬಿಷಪನು ಒಬ್ಬನೇ. ರೋಮಿನಂಥ ಮಹಾನಗರದಲ್ಲಿಯೂ ಪರಿಚಾರಕರನ್ನು ಏಳಕ್ಕಿಂತ ಹೆಚ್ಚಿಸಲಿಲ್ಲವೆಂಬುದು ಜೆರೂಸಲೇಮಿನ ಆ ಮೊದಲ ಏಳು ಮಂದಿಯ ನೆನಪು. ಬಾಗಿಲು ಕಾಯುವವನೂ ಅನ್ನಕ್ಕೆ ಬರುವ ವಿಧವೆಯೂ ಒಂದೇ ಪಟ್ಟಿಯಲ್ಲಿ ಸೇರಿದರೆಂಬುದನ್ನು ತಾವು ಗಮನಿಸಬೇಕು. ನಮ್ಮ ಶಾಸನಗಳಲ್ಲಿ ಅರ್ಚಕನ ಜೊತೆಗೆ ಹೂವಾಡಿಗನ ಪಾಲೂ ಬರುವಂತೆಯೇ ಇದು.

ಈ ಸಣ್ಣ ಹುದ್ದೆಗಳು ಬರಿಯ ಅಲಂಕಾರವಾಗಿದ್ದುವೇ? ಅವುಗಳಲ್ಲಿ ವಾಚಕನ ಹುದ್ದೆಯೊಂದನ್ನು ತೆಗೆದುಕೊಳ್ಳೋಣ. ಓದು ಬಲ್ಲವರು ಕಡಿಮೆಯಿದ್ದ ಕಾಲವದು. ಗ್ರಂಥಗಳು ಕೈಬರಹದವು, ಬೆಲೆಯುಳ್ಳವು. ವಾಚಕನು ಓದಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾರ್ಥೇಜಿನ ಬಿಷಪನಾದ ಸಿಪ್ರಿಯನನು, ೨೫೦ರ ಸುಮಾರಿನ ಹಿಂಸೆಯ ಕಾಲದಲ್ಲಿ, ಔರೇಲಿಯನೆಂಬ ಯುವಕನನ್ನು ವಾಚಕನನ್ನಾಗಿ ನೇಮಿಸಿ ತನ್ನ ಸಭೆಗೆ ಕಾರಣವನ್ನು ಬರೆದು ತಿಳಿಸುತ್ತಾನೆ. ಆ ಹುಡುಗನನ್ನು ಎರಡು ಸಲ ಅಧಿಕಾರಿಗಳ ಮುಂದೆ ನಿಲ್ಲಿಸಿದ್ದರು. ಎರಡು ಸಲವೂ ಅವನು ತನ್ನ ನಂಬಿಕೆಯನ್ನು ಬಿಡಲಿಲ್ಲ. ನ್ಯಾಯಾಧಿಪತಿಯ ಮುಂದೆ ಸತ್ಯವನ್ನು ನುಡಿದ ನಾಲಗೆಯೇ ಸಭೆಯಲ್ಲಿ ದೇವರ ವಾಕ್ಯವನ್ನು ಓದುವುದಕ್ಕೆ ತಕ್ಕದ್ದೆಂಬುದು ಸಿಪ್ರಿಯನನ ವಾದದ ಸಾರ.

ಈ ಹುದ್ದೆಯ ಭಾರವೆಷ್ಟೆಂಬುದು ೩೦೩ರ ಮೇ ತಿಂಗಳ ೧೯ರಂದು ಆಫ್ರಿಕದ ಕಿರ್ತಾ ಪಟ್ಟಣದಲ್ಲಿ ತಿಳಿದುಬಂದಿತು. ಕ್ರೈಸ್ತರ ಗ್ರಂಥಗಳನ್ನು ಸುಡಬೇಕೆಂದು ಚಕ್ರವರ್ತಿ ಡಯೊಕ್ಲೀಷಿಯನನ ಅಪ್ಪಣೆಯಾಗಿತ್ತು. ಪಟ್ಟಣದ ಅಧಿಕಾರಿಯು ಸಭೆ ಕೂಡುತ್ತಿದ್ದ ಮನೆಯನ್ನು ಹೊಕ್ಕು ಸೋಸಿದನು. ಅಂದು ಗುಮಾಸ್ತನು ಬರೆದುಕೊಂಡ ಜಪ್ತಿಪಟ್ಟಿಯು ಹಾಗೆಯೇ ನಮಗೆ ಉಳಿದಿದೆ: ಚಿನ್ನದ ಬಟ್ಟಲು ೨, ಬೆಳ್ಳಿಯ ಬಟ್ಟಲು ೬, ದೀಪಗಳು, ಆಮೇಲೆ ಹೆಂಗಸರ ಅಂಗಿ ೮೨, ಮುಸುಕಿನ ಬಟ್ಟೆ ೩೮, ಗಂಡಸರ ಅಂಗಿ ೧೬, ಗಂಡಸರ ಪಾದರಕ್ಷೆ ೧೩ ಜೊತೆ, ಹೆಂಗಸರದು ೪೭ ಜೊತೆ. ಬಡವರಿಗೆ ಕೊಡುವುದಕ್ಕೆಂದು ಕೂಡಿಟ್ಟ ಬಟ್ಟೆಗಳಿವು ಎಂದು ವಿದ್ವಾಂಸರು ಊಹಿಸುತ್ತಾರೆ. ಗ್ರಂಥಗಳ ಕಪಾಟನ್ನು ತೆರೆದರೆ ಅದು ಬರಿದಾಗಿತ್ತು. ಗ್ರಂಥಗಳು ವಾಚಕರ ಮನೆಗಳಲ್ಲಿದ್ದುವು. ವಾಚಕರು ಯಾರೆಂದು ಕೇಳಿದಾಗ ಇಬ್ಬರು ಉಪಪರಿಚಾರಕರು, ನಾವು ದ್ರೋಹಿಗಳಲ್ಲ, ನಮ್ಮನ್ನು ಕೊಂದರೂ ಸರಿ ಎಂದು ನಿಂತರು. ಬಿಷಪ್ ಪೌಲನು ಹಾಗೆ ನಿಲ್ಲಲಿಲ್ಲ; ಪಾತ್ರೆಗಳನ್ನು ಒಪ್ಪಿಸುವಾಗ ಅವನು ಅಲ್ಲಿಯೇ ಕುಳಿತಿದ್ದನು. ಅಧಿಕಾರಿಗಳು ಆಮೇಲೆ ಮನೆಮನೆಗೂ ಹೋಗಿ ಹಲವು ವಾಚಕರಿಂದ ಗ್ರಂಥಗಳನ್ನು ಕಿತ್ತುಕೊಂಡರು. ದೊಡ್ಡ ಪೀಠದವನು ಸೋತ ಹೊತ್ತಿನಲ್ಲಿ ಸಣ್ಣ ಹುದ್ದೆಯವರಿಬ್ಬರು ಸಭೆಯ ಮಾನವನ್ನು ಕಾದರು. ಸೋತವರ ಹೆಸರನ್ನೂ ಮುಚ್ಚದೆ ಆ ಪಟ್ಟಿಯನ್ನು ಉಳಿಸಿಕೊಂಡುದು ಇತಿಹಾಸದ ಪುಣ್ಯ.

ಹತ್ತು ವರ್ಷಗಳು ಕಳೆಯುವುದರೊಳಗೆ ಕಾಲವು ತಿರುಗಿತು. ೩೧೩ರ ಹೊತ್ತಿಗೆ ಕಾನ್‌ಸ್ಟಾಂಟೈನನು ಕ್ರೈಸ್ತರಿಗೆ ಸ್ವಾತಂತ್ರ್ಯವನ್ನು ಕೊಟ್ಟನು. ಜೆರೂಸಲೇಮಿನಲ್ಲಿ ಯೇಸುವಿನ ಸಮಾಧಿಯೆನ್ನುವ ಗುಹೆಯ ಮೇಲೆ ದೊಡ್ಡ ಮಂದಿರ ಎದ್ದಿತು. ಅಲ್ಲಿಗೆ ಸುಮಾರು ೩೮೧ರಿಂದ ೩೮೪ರವರೆಗೆ ಯಾತ್ರೆ ಬಂದ ಎಗೇರಿಯಾ ಎಂಬ ಪಶ್ಚಿಮದೇಶದ ಮಹಿಳೆಯು ತನ್ನ ಊರಿನ ಸೋದರಿಯರಿಗೆ ಬರೆದ ಪತ್ರವು ೧೮೮೪ರಲ್ಲಿ ಇಟಲಿಯ ಅರೆಟ್ಸೊ ಪಟ್ಟಣದಲ್ಲಿ ದೊರೆಯಿತು. ನಿತ್ಯಾರಾಧನೆಯಲ್ಲಿ ಯಾರು ಏನು ಮಾಡುತ್ತಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ನಮ್ಮ ಅಜ್ಜಿಯರು ಕಾಶೀಯಾತ್ರೆಯಿಂದ ಬಂದು ಹೇಳುವಂತೆ, ಕಂಡುದನ್ನೆಲ್ಲ ಬಿಡಿಬಿಡಿಯಾಗಿ ಅವಳು ಹೇಳುತ್ತಾಳೆ.

ಕೋಳಿ ಕೂಗುವ ಮುಂಚೆಯೇ ಮಂದಿರದ ಬಾಗಿಲುಗಳು ತೆರೆಯುತ್ತವೆ. ವಿರಕ್ತರೂ ಕನ್ಯಾವ್ರತದವರೂ ಬರುತ್ತಾರೆ. ಇಷ್ಟವಿದ್ದ ಗೃಹಸ್ಥರೂ ಬರುತ್ತಾರೆ. ಕೀರ್ತನೆಗಳು ನಡೆಯುತ್ತವೆ; ಒಬ್ಬೊಬ್ಬರು ಹಾಡಿದುದಕ್ಕೆ ಉಳಿದವರು ಸೊಲ್ಲು ಕೂಡಿಸುತ್ತಾರೆ. ಹಿರಿಯರು ಇಬ್ಬರು ಮೂವರೂ ಪರಿಚಾರಕರೂ ದಿನಕ್ಕೆ ಸರದಿಯಂತೆ ಬಂದು ಒಂದೊಂದು ಹಾಡಿನ ಕೊನೆಗೂ ಪ್ರಾರ್ಥನೆ ಸಲ್ಲಿಸುತ್ತಾರೆ. ಬೆಳಕು ಮೂಡಿದಾಗ ಬಿಷಪನು ಬರುತ್ತಾನೆ. ಗುಹೆಯೊಳಗೆ ಹೋಗಿ ಕಟಾಂಜನದ ಒಳಗಿನಿಂದ ಎಲ್ಲರಿಗಾಗಿಯೂ ಪ್ರಾರ್ಥಿಸಿ, ಹೆಸರು ಹಿಡಿದು ಕೆಲವರನ್ನು ನೆನೆದು, ದೀಕ್ಷೆ ಹೊಂದಬೇಕಾದವರನ್ನೂ ಹೊಂದಿದವರನ್ನೂ ಬೇರೆಬೇರೆಯಾಗಿ ಹರಸುತ್ತಾನೆ. ಹೊರಗೆ ಬಂದಾಗ ಒಬ್ಬೊಬ್ಬರೂ ಅವನ ಕೈಯ ಬಳಿಗೆ ಬಂದು ಹರಕೆ ಪಡೆಯುತ್ತಾರೆ. ಅನಂತರ ಎಲ್ಲರೂ ತಮ್ಮ ಕೆಲಸಗಳಿಗೆ ಹೋಗುತ್ತಾರೆ.

ಸಾಯಂಕಾಲ ನಾಲ್ಕು ಗಂಟೆಗೆ ದೀಪಾರಾಧನೆ. ಮಂದಿರದ ದೀಪಗಳನ್ನೂ ಬತ್ತಿಗಳನ್ನೂ ಹಚ್ಚುತ್ತಾರೆ. ಅವುಗಳಿಗೆ ಬೆಂಕಿಯನ್ನು ಹೊರಗಿನಿಂದ ತರುವುದಿಲ್ಲ. ಗುಹೆಯೊಳಗೆ ಹಗಲೂ ರಾತ್ರಿಯೂ ಉರಿಯುವ ಒಂದು ದೀಪದಿಂದ ತರುತ್ತಾರೆ. ನಮ್ಮ ನಂದಾದೀಪವೇ ಅದು! ಪರಿಚಾರಕನೊಬ್ಬನು ಜನರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಒಂದೊಂದು ಹೆಸರಿಗೂ ಸುತ್ತ ನಿಂತ ಬಹುಮಂದಿ ಹುಡುಗರು ‘ಸ್ವಾಮಿ, ಕರುಣಿಸು’ ಎಂದು ಗ್ರೀಕ್ ಭಾಷೆಯಲ್ಲಿ ಕೂಗುತ್ತಾರೆ. ಆ ದನಿಗಳಿಗೆ ಎಣೆಯಿಲ್ಲವೆನ್ನುತ್ತಾಳೆ ಎಗೇರಿಯಾ. ಬಿಷಪನು ಗ್ರೀಕಿನಲ್ಲಿಯೇ ಮಾತನಾಡುತ್ತಾನೆ. ಹಿರಿಯನೊಬ್ಬನು ಪಕ್ಕದಲ್ಲಿ ನಿಂತು ಅದನ್ನು ಸಿರಿಯದ ಮಾತಿನಲ್ಲಿ ತಿಳಿಸುತ್ತಾನೆ. ಲ್ಯಾಟಿನ್ ಮಾತ್ರ ಬಲ್ಲವರಿಗೆ ಎರಡು ಭಾಷೆ ಬಲ್ಲ ಸೋದರ ಸೋದರಿಯರು ಹೇಳಿಕೊಡುತ್ತಾರೆ. ದೇವರ ಮುಂದೆ ನಡೆಯುವ ಮಾತು ತನಗೆ ತಿಳಿಯದೆ ಒಬ್ಬನೂ ಮನೆಗೆ ಹೋಗಬಾರದೆಂಬುದು ಅಲ್ಲಿಯ ಕಟ್ಟಳೆ.

ಈ ವರ್ಣನೆಯಲ್ಲಿ ಬಿಷಪನು ಬರುವುದು ಕೊನೆಗೆ. ಅವನು ಬರುವ ಮುಂಚೆಯೇ ಬಾಗಿಲು ತೆರೆದಿದೆ, ದೀಪ ಹತ್ತಿದೆ, ಹಾಡು ನಡೆದಿದೆ. ಅವನದು ಮುಗಿಸುವ ಕೆಲಸ, ಹರಸುವ ಕೆಲಸ. ಆರಾಧನೆಯು ಅವನೊಬ್ಬನದಲ್ಲ.

ಅದೇ ಕಾಲದಲ್ಲಿ ಸಿರಿಯದಲ್ಲಿ ಕೂಡಿಸಿದ ನಿಯಮಗ್ರಂಥವೊಂದು ಸಭೆಯನ್ನು ಹಡಗಿಗೆ ಹೋಲಿಸುತ್ತದೆ. ಬಿಷಪನು ಚುಕ್ಕಾಣಿ ಹಿಡಿಯುವವನು, ಪರಿಚಾರಕರು ನಾವಿಕರು, ಗಂಡಸರ ಬಾಗಿಲಲ್ಲಿ ದ್ವಾರಪಾಲಕರು, ಹೆಂಗಸರ ಬಾಗಿಲಲ್ಲಿ ಪರಿಚಾರಿಕೆಯರು. ಬೆಳಗು ಬೈಗು ಸಭೆಗೆ ತಪ್ಪದೆ ಬನ್ನಿರೆಂದು ಅದು ಜನರನ್ನು ಕರೆಯುತ್ತದೆ. ಇದಕ್ಕೂ ಹಿಂದಿನ, ಮೂರನೆಯ ಶತಮಾನದ, ಸಿರಿಯದ ಇನ್ನೊಂದು ನಿಯಮಗ್ರಂಥದಲ್ಲಿ ನನ್ನ ಮನಸ್ಸಿನಲ್ಲಿ ನಿಂತ ವಿಧಿಯೊಂದಿದೆ. ಸ್ಥಳವಿಲ್ಲದ ಹೊತ್ತಿನಲ್ಲಿ ಬಡವನಾಗಲಿ ಬಡವೆಯಾಗಲಿ, ಅದರಲ್ಲಿಯೂ ಮುಪ್ಪಾದವರು, ಒಳಗೆ ಬಂದರೆ ಬಿಷಪನು ಅವರಿಗೆ ಮನಸಾರ ಸ್ಥಳ ಮಾಡಿಕೊಡಬೇಕು. ಅದಕ್ಕಾಗಿ ತಾನು ನೆಲದ ಮೇಲೆ ಕುಳಿತರೂ ಚಿಂತೆಯಿಲ್ಲ. ಊಟಕ್ಕೆ ಬಡಿಸುವ ಹುದ್ದೆಯಿಂದ ಮೊದಲಾದ ಧರ್ಮಕ್ಕೆ ಇದು ತಕ್ಕ ವಿಧಿ.

ಮುಂದೆ ಏನಾಯಿತು? ಸಭೆಗೆ ಸಂಪತ್ತು ಬಂದಿತು. ಆಮೇಲಿನ ಶತಮಾನಗಳಲ್ಲಿ ಪಶ್ಚಿಮದೇಶದಲ್ಲಿ ದಿನದ ಪ್ರಾರ್ಥನೆಯು ಬರುಬರುತ್ತ ಮಠದ ವಿರಕ್ತರ ಪಾಲಿಗೂ ಪಾದ್ರಿಗಳ ಪಾಲಿಗೂ ಸೇರಿಹೋಯಿತು. ಅದರ ಭಾಷೆ ಜನರಿಗೆ ತಿಳಿಯದಂತಾಯಿತು. ವಾಚಕ, ದ್ವಾರಪಾಲಕ ಎಂಬುವು ಪಾದ್ರಿಯಾಗುವವನು ಹತ್ತಿಹೋಗುವ ಮೆಟ್ಟಿಲುಗಳಾಗಿ, ಹೆಸರಿಗೆ ಮಾತ್ರ ಉಳಿದುವು. ಜನರು ನೋಡುವವರಾದರು. ರೋಮನ್ ಸಭೆಯು ೧೯೭೨ರಲ್ಲಿ ಈ ಪುರಾತನ ಸಣ್ಣ ಹುದ್ದೆಗಳನ್ನು ತಿದ್ದಿ, ವಾಚಕನ ಕೆಲಸವನ್ನೂ ಅನುಚರನ ಕೆಲಸವನ್ನೂ ಗೃಹಸ್ಥರಿಗೂ ಒಪ್ಪಿಸಬಹುದೆಂದು ಗೊತ್ತುಮಾಡಿತು. ೨೦೨೧ರಲ್ಲಿ ಹೆಂಗಸರಿಗೂ ಅವನ್ನು ತೆರೆಯಿತು. ಕಳೆದುದನ್ನು ಮತ್ತೆ ಹುಡುಕುವುದಕ್ಕೆ ಬಹು ಶತಮಾನಗಳು ಹಿಡಿದುವು.

ನಮ್ಮ ನಾಡಿಗೂ ಈ ಕಥೆಗೂ ಸಂಬಂಧವಿಲ್ಲವೆಂದು ಎಣಿಸಬೇಡಿರಿ. ಆರನೆಯ ಶತಮಾನದ ಕೊಸ್ಮಸನೆಂಬ ವರ್ತಕನು ಮೆಣಸು ಬೆಳೆಯುವ ಮಲೆಯದೇಶದಲ್ಲಿ ಕ್ರೈಸ್ತಸಭೆಯಿದೆಯೆಂದೂ, ಕಲ್ಯಾಣವೆಂಬಲ್ಲಿ ಪಾರಸಿಕದೇಶದಿಂದ ನೇಮಕವಾದ ಬಿಷಪನಿದ್ದಾನೆಂದೂ, ಸಿಂಹಳದಲ್ಲಿ ಒಬ್ಬ ಹಿರಿಯನೂ ಒಬ್ಬ ಪರಿಚಾರಕನೂ ಇದ್ದಾರೆಂದೂ ಬರೆದಿದ್ದಾನೆ. ಆನೆಗೊಂದಿಯಿಂದ ಉತ್ತರಕ್ಕೆ, ಲಿಂಗಸುಗೂರಿನ ಸೀಮೆಯ ಮುದಗಲ್ಲಿನಲ್ಲಿ, ಆದಿಲಶಾಹಿಗಳ ಕಾಲದಿಂದ ಬಂದ ರೋಮನ್ ಕ್ಯಾಥೊಲಿಕರ ಸಮುದಾಯವೊಂದಿದೆ. ಗೋವೆಯ ಕಡೆಯಿಂದ ಬಂದ ಪಾದ್ರಿಗಳ ಬೋಧೆಯಿಂದ ಅದು ಹುಟ್ಟಿತೆನ್ನುತ್ತಾರೆ. ೧೬೪೯ರ ಸುಮಾರಿಗೆ ಇಟಲಿಯ ಲಿಯೊನಾರ್ಡೊ ಚಿನ್ನಮಿ ಪಾದ್ರಿಯು ಶ್ರೀರಂಗಪಟ್ಟಣದ ಕಡೆ ಬಂದು, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಬೋಧಿಸಿದನು. ೧೭೭೩ರಲ್ಲಿ ಯೇಸುಸಭೆಯನ್ನು ಪೋಪರು ವಿಸರ್ಜಿಸಿದ ಮೇಲೆ ಮೈಸೂರು ಸೀಮೆಯ ಕ್ರೈಸ್ತ ಹಳ್ಳಿಗಳಿಗೆ ಪಾದ್ರಿಗಳ ಬರ ಬಂದಿತು. ಅಂಥ ದಿನಗಳಲ್ಲಿ ಆಸರೆಯಾದವನು ಉಪದೇಶಿ. ಇವನು ಪಾದ್ರಿಯಲ್ಲ, ಹೆಂಡಿರು ಮಕ್ಕಳುಳ್ಳ ಊರವನು. ಸಂಜೆ ಜನರನ್ನು ಕೂಡಿಸಿ ಕನ್ನಡದಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಬೋಧೆ ಕಲಿಸುವುದು, ಸತ್ತವರನ್ನು ಮಣ್ಣುಮಾಡುವಾಗ ಪ್ರಾರ್ಥನೆ ಸಲ್ಲಿಸುವುದು ಅವನ ಕೆಲಸ. ಪ್ರಾಚೀನ ಸಭೆಯ ವಾಚಕನೂ ದ್ವಾರಪಾಲಕನೂ ಒಂದೇ ದೇಹದಲ್ಲಿ ಕನ್ನಡದ ಹಳ್ಳಿಗೆ ಬಂದಂತಾಯಿತು. ೧೭೯೯ರ ಬಳಿಕ ಅಬ್ಬೆ ದುಬಾಯ್ ಮೈಸೂರಿಗೆ ಬಂದಾಗ, ಚದರಿದ ಜನರನ್ನು ಕೂಡಿಸುವುದಕ್ಕೆ ಏನಾದರೂ ಉಳಿದಿದ್ದರೆ ಅದು ಇಂಥವರಿಂದಲೇ ಎಂದು ನನ್ನ ನಂಬಿಕೆ.

ಕತ್ತಲಾಗುತ್ತ ಬಂದಾಗ ದೀಪ ಹಚ್ಚಿ ಕೈಮುಗಿಯುವುದು ನಮ್ಮೆಲ್ಲರ ಮನೆಗಳ ರೂಢಿ. ಪೂರ್ವದೇಶದ ಕ್ರೈಸ್ತರೂ ದೀಪ ಹಚ್ಚಿದಾಗ ಹಾಡುವ ಸ್ತುತಿಯೊಂದನ್ನು ಇಂದಿಗೂ ಹಾಡುತ್ತಾರೆ. ನಾಲ್ಕನೆಯ ಶತಮಾನದಲ್ಲಿದ್ದ ಬಸಿಲಿಯನು, ದೀಪದ ಹೊತ್ತಿನ ಆ ಮಾತುಗಳನ್ನು ಕಟ್ಟಿದವರು ಯಾರೆಂಬುದು ತನಗೆ ತಿಳಿಯದು, ಜನರು ಹಿಂದಿನಿ೦ದ ಹೇಳಿಕೊಂಡು ಬಂದಿದ್ದಾರೆ ಎನ್ನುತ್ತಾನೆ. ಕಟ್ಟಿದವನ ಹೆಸರು ಹೋಯಿತು. ಹಾಡುವ ಬಾಯಿಗಳು ಉಳಿದುವು.

ಶ್ರೋತೃಗಳೇ, ಹೊಳೆಯ ಈಚೆ ದಡದಲ್ಲಿ ನಿಂತು ವಿಠ್ಠಲನ ಗುಡಿಯ ಕಡೆಗೆ ನೋಡುವಾಗ ನಮಗೆ ಅರಸರ ನೆನಪಾಗುತ್ತದೆ, ಶಿಲ್ಪಿಗಳ ನೆನಪಾಗುತ್ತದೆ. ಅಲ್ಲಿ ಎಣ್ಣೆ ಹೊಯ್ಯುತ್ತಿದ್ದವನನ್ನೂ, ನಸುಕಿನಲ್ಲಿ ಅಂಗಳ ಗುಡಿಸುತ್ತಿದ್ದವಳನ್ನೂ ನೆನೆಯುವವರು ಕಡಿಮೆ. ಅವರು ಚದರಿಹೋದ ದಿನವೇ ಆ ಗುಡಿಯು ಹಾಳಾಯಿತು. ಕಲ್ಲುಗಳು ನಿಂತಿದ್ದರೂ ಏನು? ತಮ್ಮ ಊರಿನಲ್ಲಿ ಗುಡಿಯಿರಲಿ, ಮಠವಿರಲಿ, ಮಸೀದಿಯಿರಲಿ, ಇಗರ್ಜಿಯಿರಲಿ, ಬೆಳಗ್ಗೆ ಅದರ ಬಾಗಿಲನ್ನು ತೆರೆಯುವವರು ಯಾರೆಂದು ತಾವು ಒಮ್ಮೆ ವಿಚಾರಿಸಬೇಕು. ಅವರಿಗೆ ಹೊಟ್ಟೆಗೆ ಇದೆಯೇ, ಅವರ ತರುವಾಯ ಆ ಕೀಲಿಕೈಯನ್ನು ತೆಗೆದುಕೊಳ್ಳುವವರು ಇದ್ದಾರೆಯೇ ಎಂಬುದನ್ನೂ ಕೇಳಬೇಕು. ಆ ಪ್ರಶ್ನೆಯನ್ನು ತಮ್ಮ ಕೈಗೆ ಒಪ್ಪಿಸಿ ನನ್ನ ಮಾತನ್ನು ಮುಗಿಸುತ್ತೇನೆ.